ತಾರಸಿ ಮೇಲೆ 45 ಮಿ.ಮೀ. ಹಳಿ: ಕರೆಂಟ್ ಹಳಿಯಲ್ಲೋ, ಇಂಜಿನ್ನಿನ ಹೊಟ್ಟೆಯಲ್ಲೋ?

ಕೊಥ್ರೂಡ್_ಮೀಟರ್‌ಗೇಜ್ (ಪುಣೆ)

ಎಲ್ಲರಿಗೂ ನಮಸ್ಕಾರ. ಮನೆ ತಾರಸಿ ಮೇಲೆ ಮಾದರಿ ರೈಲು ಹಾಕಬೇಕು ಅಂತಿದೀನಿ. ತಾರಸಿ 11 × 6 ಮೀಟರ್. ಅರ್ಧಕ್ಕೆ ಶೀಟ್ ಹಾಕಿದೆ, ಇನ್ನರ್ಧ ಬಯಲು. 45 ಮಿ.ಮೀ. ಹಿತ್ತಾಳೆ ಹಳಿ, 1:22.5 ಅಳತೆ. ಈ ಅಳತೆಗೆ ಸರಿಯಾಗಿ ಮೀಟರ್‌ಗೇಜ್ ಬರುವುದರಿಂದ ಕ್ಯಾಸಲ್‌ರಾಕ್–ಕುಳೆ ಘಟ್ಟದ ಹಳೇ ಲೈನನ್ನೇ ಮಾಡೋಣ ಅಂತ. ಅಲ್ಲಿಯ ಹಾಗೆ 37ಕ್ಕೆ 1 ಏರು, ಭಾರದ ಗಾಡಿಗೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಇಂಜಿನ್. ಒಟ್ಟು ಹಳಿ ಸುಮಾರು 32 ಮೀಟರ್, ಒಂದು ತುದಿಯಲ್ಲಿ ರಿವರ್ಸ್ ಲೂಪ್ (ಗಾಡಿ ಸುತ್ತು ಹಾಕಿ, ಮುಖ ತಿರುಗಿಸಿ ಅದೇ ಹಳಿಗೆ ವಾಪಸ್ ಬರುವ ಕುಣಿಕೆ). ಇಂಜಿನ್ ಮೂರು: ಒಂದೊಂದು ಮೋಟರಿನ ಎರಡು ಸ್ಟೀಮ್ ಮಾದರಿ, ಎರಡು ಮೋಟರಿನ ಒಂದು ಡೀಸೆಲ್.

ಹಳಿಗೆ ಸಾದಾ ಡಿಸಿ ಕೊಡಬೇಕೋ, ಡಿಸಿಸಿ (ಹಳಿಯ ಕರೆಂಟಿನಲ್ಲೇ ಒಂದೊಂದು ಇಂಜಿನ್ನಿಗೂ ಬೇರೆ ಬೇರೆ ಡಿಜಿಟಲ್ ಆದೇಶ ಕಳಿಸುವ ಪದ್ಧತಿ) ಹಾಕಬೇಕೋ, ಇಲ್ಲ ಬ್ಯಾಟರಿ ಮತ್ತು ರೇಡಿಯೊ ಹಿಡಿಯಬೇಕೋ? ಒಂದೇ ಹೊತ್ತಿಗೆ ಎರಡು ಇಂಜಿನ್ ಬೇರೆ ಬೇರೆ ಓಡಬೇಕು.

ಡೊಂಬಿವ್ಲಿ_ಬ್ರೇಕ್‌ವ್ಯಾನ್

ಅರ್ಧ ತಾರಸಿ ಬಯಲು ಅಂದ ಮೇಲೆ ನನ್ನ ಮತ ಬ್ಯಾಟರಿಗೆ.

ಜೂನ್ ಎರಡನೇ ವಾರದಿಂದ ಸೆಪ್ಟೆಂಬರ್‌ವರೆಗೆ ಹಿತ್ತಾಳೆ ಹಳಿಯ ತಲೆ ಮೇಲೆ ಬೆರಳು ಎಳೆದು ನೋಡಿ, ಕಂದು-ಕಪ್ಪು ಮಸಿ ಅಂಟುತ್ತೆ. ಅದನ್ನು ಉಜ್ಜಿ ತೆಗೆಯಬಹುದು. ನಿಜವಾದ ತೊಂದರೆ ಜಾಯಿನರ್ ಒಳಗೆ. ಹಳಿ ಎಷ್ಟೇ ದಪ್ಪ ಇದ್ದರೂ ಎರಡು ತುಂಡು ಸೇರುವಲ್ಲಿ ನೀರು ನಿಂತು ಕಿಲುಬು ಕಟ್ಟುತ್ತೆ, ಇಂಜಿನ್ ಅದೇ ಜಾಗದಲ್ಲಿ ಏದುಸಿರು ಬಿಡುತ್ತೆ. ದೇವರ ಪಾತ್ರೆ ತಿಕ್ಕಿದ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಹುಳಿ ಸಂದಿಯಲ್ಲಿ ಉಳಿದು ಮತ್ತೆ ಕಿಲುಬು ತರುತ್ತೆ. ಸ್ಟೀಲ್ ವುಲ್ ಅಂತೂ ಮುಟ್ಟಲೇಬೇಡಿ, ಅದರ ಎಳೆಗಳನ್ನು ಮೋಟರಿನ ಅಯಸ್ಕಾಂತ ಒಳಗೆಳೆದುಕೊಳ್ಳುತ್ತೆ.

ಸಾದಾ ಡಿಸಿ ನಿಮ್ಮ ಪಟ್ಟಿಯಿಂದ ಬಿಟ್ಟುಬಿಡಿ. ಎರಡು ಇಂಜಿನ್ ಬೇರೆ ಬೇರೆ ಓಡಿಸಲು ಹಳಿಯನ್ನು ಬ್ಲಾಕ್ ಬ್ಲಾಕ್ ಕತ್ತರಿಸಬೇಕು, ರಿವರ್ಸ್ ಲೂಪ್‌ನಲ್ಲಿ ಗಾಡಿ ನಿಲ್ಲಿಸಿ ಧ್ರುವ ಬದಲಿಸಬೇಕು. ಬ್ಯಾಟರಿಗೆ ಲೂಪ್ ಒಂದು ಸಮಸ್ಯೆಯೇ ಅಲ್ಲ.

ಲೆಕ್ಕ ಹೀಗೆ. 18650 ಲಿಥಿಯಂ-ಅಯಾನ್ ಸೆಲ್ 5 ಸರಣಿಯಲ್ಲಿ: 18.5 ವೋಲ್ಟ್, ಪೂರ್ತಿ ತುಂಬಿದಾಗ 21. ಪ್ರತಿ ಹಂತಕ್ಕೆ ಎರಡೆರಡು ಜೋಡಿಸಿದರೆ 10 ಸೆಲ್. 2600 ಎಂಎಎಚ್ ಸೆಲ್ ಆದರೆ 5.2 ಆಂಪ್-ಅವರ್. ಶೇ. 80 ಮಾತ್ರ ಬಳಸಿ. ಡೀಸೆಲ್ ಏರಿನಲ್ಲಿ 2 ಆಂಪ್ ಎಳೆದರೂ ಎರಡು ಗಂಟೆ ಓಡುತ್ತೆ. 10 ಸೆಲ್ಲಿನ ತೂಕ ಸುಮಾರು 450 ಗ್ರಾಂ, ಗೇರ್‌ಬಾಕ್ಸ್ ಮೇಲೆ ಕೂರಿಸಿದರೆ ಏರಿನಲ್ಲಿ ಗಾಲಿ ಜಾರುವುದು ಕಡಿಮೆ. ಸಣ್ಣ ಸ್ಟೀಮ್ ಇಂಜಿನ್ನಿನಲ್ಲಿ ಜಾಗ ಸಿಗದಿದ್ದರೆ ಹಿಂದಿನ ವ್ಯಾಗನ್‌ನಲ್ಲಿಟ್ಟು ಪ್ಲಗ್‌ನಿಂದ ಜೋಡಿಸಿ. ಬ್ಯಾಲೆನ್ಸ್ ಮಾಡುವ 5 ಸೆಲ್ಲಿನ ಬಿಎಂಎಸ್ (ಸೆಲ್ಲುಗಳನ್ನು ಕಾಯುವ ಬೋರ್ಡ್) ಬೇಕೇ ಬೇಕು. 5 ಆಂಪ್ ಫ್ಯೂಸ್ ಪ್ಯಾಕಿನ ಪ್ಲಸ್ ತುದಿಗೆ ಆದಷ್ಟು ಹತ್ತಿರ, ಸ್ವಿಚ್ಚಿಗಿಂತ ಮುಂಚೆ ಇರಬೇಕು.

ಜನ ಎಡವುವುದು ಮೂರು ಕಡೆ.

ಆಟಿಕೆ ಕಾರಿನ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಬೋರ್ಡ್) ಬಹಳಷ್ಟು 2-3 ಸೆಲ್ಲಿಗೆ ಮಾಡಿದ್ದು. 21 ವೋಲ್ಟ್ ಕೊಟ್ಟರೆ ಸುಡುತ್ತೆ. ಬ್ರಶ್ ಮೋಟರಿನದು, ಹಿಂದೆ-ಮುಂದೆ ಎರಡೂ ಇರುವುದು, 6 ಸೆಲ್ ತಡೆಯುವುದು ಅಂತ ಕೇಳಿ ತಗೊಳ್ಳಿ. ಅದರೊಳಗಿನ 5 ವೋಲ್ಟ್ ರೆಗ್ಯುಲೇಟರ್ ಲೀನಿಯರ್ ಆಗಿದ್ದರೆ 21ರಿಂದ 5ಕ್ಕೆ ಇಳಿಸುವಾಗ 0.3 ಆಂಪಿಗೇ ಸುಮಾರು 5 ವ್ಯಾಟ್ ಬಿಸಿ. ರಿಸೀವರಿಗೆ ಹೋಗುವ ಅದರ ಕೆಂಪು ತಂತಿ ಬಿಚ್ಚಿ, ಬೇರೆ ಬಕ್ ಕನ್ವರ್ಟರ್‌ನಿಂದ (ಹೆಚ್ಚು ಬಿಸಿಯಾಗದೆ ವೋಲ್ಟ್ ಇಳಿಸುವ ಬೋರ್ಡ್) 5 ವೋಲ್ಟ್ ಕೊಡಿ.

ಎರಡನೆಯದು, ಗಾಲಿಯಿಂದ ಮತ್ತು ಹಳಿ ಸವರುವ ಶೂಗಳಿಂದ ಮೋಟರಿಗೆ ಬರುವ ತಂತಿ ಪೂರ್ತಿ ಕತ್ತರಿಸಿ. ಬಿಟ್ಟರೆ ಒಂದು ಇಂಜಿನ್ನಿನ ಬ್ಯಾಟರಿ ಹಳಿ ಮೂಲಕ ಇನ್ನೊಂದರ ಮೋಟರಿಗೆ ಹರಿಯುತ್ತೆ, ರಿವರ್ಸ್ ಲೂಪ್‌ಗೆ ಬಂದಾಗ ನೇರ ಶಾರ್ಟ್.

ಮೂರನೆಯದು ರೇಡಿಯೊ. 2.4 ಗಿಗಾಹರ್ಟ್ಜ್ ಮಾತ್ರ ತಗೊಳ್ಳಿ. ಅಮೆರಿಕದಿಂದ ಬರುವ 900 ಮೆಗಾಹರ್ಟ್ಜ್ ಸೆಟ್ ಅಲ್ಲಿ ಲೈಸೆನ್ಸ್ ಇಲ್ಲದೆ ನಡೆಯುತ್ತೆ, ನಮ್ಮಲ್ಲಿ ಆ ತರಂಗಾಂತರದಲ್ಲಿ ಮೊಬೈಲ್ ಸೇವೆ ಇದೆ. ರಿಸೀವರನ್ನು ರಿಮೋಟಿಗೆ ಜೋಡಿಸುವಾಗಲೇ (ಬೈಂಡ್), ಸಿಗ್ನಲ್ ತಪ್ಪಿದರೆ ಥ್ರಾಟಲ್ ಸೊನ್ನೆಗೆ ಬರುವಂತೆ ಫೇಲ್‌ಸೇಫ್ ಹಾಕಿ. ಅದಿಲ್ಲದಿದ್ದರೆ ಗಾಡಿ ತಾರಸಿ ಅಂಚಿನವರೆಗೂ ಅದೇ ವೇಗದಲ್ಲಿ ಹೋಗಬಹುದು.

ಠಾಣೆ_ಬೂಸ್ಟರ್

ಬ್ರೇಕ್‌ವ್ಯಾನ್ ಅವರ ಮಳೆಯ ಮಾತು ಒಪ್ಪುತ್ತೇನೆ. ಆದರೆ ಪ್ರಶ್ನೆಯಲ್ಲಿರುವ ಬ್ಯಾಂಕರ್ ಅನ್ನು ಅವರು ಮುಟ್ಟಲಿಲ್ಲ. ಮುಂದೊಂದು, ಹಿಂದೊಂದು ಇಂಜಿನ್ ಇದ್ದು ಎರಡಕ್ಕೂ ಬೇರೆ ಬೇರೆ ಇಎಸ್‌ಸಿ ಆದರೆ ವೇಗ ಒಂದೇ ಆಗಿರುವುದಿಲ್ಲ. ಹಿಂದಿನದು ಜೋರಾದರೆ ನಡುವಿನ ಹಗುರ ವ್ಯಾಗನ್ ತಿರುವಿನಲ್ಲಿ ಹಳಿಯಿಂದ ಹೊರಗೆ ನೆಗೆಯುತ್ತೆ. ಡಿಸಿಸಿಯಲ್ಲಿ ಎರಡನ್ನೂ ಕನ್ಸಿಸ್ಟ್‌ಗೆ (ಒಂದೇ ಆದೇಶಕ್ಕೆ ನಡೆಯುವ ಜೋಡಿಗೆ) ಸೇರಿಸಿ, ಸಿವಿ ಅನ್ನುವ ಸೆಟ್ಟಿಂಗ್‌ಗಳ ಪೈಕಿ 2, 5, 6ರಲ್ಲಿ ಕನಿಷ್ಠ, ಗರಿಷ್ಠ, ಮಧ್ಯದ ವೇಗ ಹೊಂದಿಸಬಹುದು. ಮೊದಲು ನಿಧಾನದ ಇಂಜಿನ್ ಅಳೆಯಿರಿ: ಗುರುತು ಮಾಡಿದ 2 ಮೀಟರ್‌ಗೆ ಎಷ್ಟು ಸೆಕೆಂಡು. ಜೋರಾಗಿ ಓಡುವುದನ್ನು ಅದಕ್ಕೆ ಇಳಿಸಿ, ಉಲ್ಟಾ ಆಗುವುದಿಲ್ಲ. ಬ್ಯಾಂಕರ್ ಸಾವಿರದಲ್ಲಿ ಒಂದು ಪಾಲೂ ಜೋರಾಗಬಾರದು, ಚೂರು ನಿಧಾನವಿದ್ದರೆ ಒಳ್ಳೆಯದು.

ಹಳಿಗೆ ಡಿಸಿಸಿ ಕೊಡುವುದಾದರೆ 5 ಆಂಪ್ ಬೂಸ್ಟರ್ (ಹಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಸಾಕು. 10 ಆಂಪ್‌ಗೆ ಹೋಗಬೇಡಿ: ಗಾಲಿ ತಪ್ಪಿ ಶಾರ್ಟ್ ಆದಾಗ 20 ವೋಲ್ಟ್‌ಗೆ 200 ವ್ಯಾಟ್ ಒಂದೇ ಜಾಗದಲ್ಲಿ ಸುರಿದು ಪ್ಲಾಸ್ಟಿಕ್ ಸ್ಲೀಪರ್ ಕರಗುತ್ತೆ. ಸ್ವಂತ ಮಾಡುವವರು ಡಿಸಿಸಿ-ಇಎಕ್ಸ್ ಅನ್ನುವ ಸಾಫ್ಟ್‌ವೇರ್ ನೋಡುತ್ತಾರೆ, ಆರ್ಡುಯಿನೊ ಮೆಗಾ ಅಥವಾ ಇಎಸ್‌ಪಿ32 ಬೋರ್ಡ್ ಮೇಲೆ ಓಡುತ್ತೆ, ಫೋನಿನ ಎಂಜಿನ್ ಡ್ರೈವರ್ ಆ್ಯಪ್‌ನಿಂದಲೇ ಗಾಡಿ ಓಡಿಸಬಹುದು. ಆದರೆ ಅದಕ್ಕೆ ಹಾಕುವ ಎಲ್298 ಮೋಟರ್ ಶೀಲ್ಡ್ ಬೋರ್ಡ್ ಚಾನಲ್ಲಿಗೆ 2 ಆಂಪ್ ಮಾತ್ರ, ಅದು ಎಚ್‌ಒ ಅನ್ನುವ ಸಣ್ಣ ಅಳತೆಯ ಗಾಡಿಗೆ ಸರಿ, ಇದಕ್ಕಲ್ಲ.

ತಂತಿ ಕಡೆ ಕಂಜೂಸಿ ಬೇಡ. ದೂರದ ತುದಿ 20 ಮೀಟರ್ ಅಂದರೆ ಹೋಗಿ ಬರುವ ತಾಮ್ರ 40 ಮೀಟರ್. 1 ಚದರ ಮಿ.ಮೀ. ತಂತಿಯಲ್ಲಿ 5 ಆಂಪಿಗೆ ಸುಮಾರು 3.5 ವೋಲ್ಟ್ ಕಳೆಯುತ್ತೆ, 2.5 ಚದರ ಮಿ.ಮೀ.ನಲ್ಲಿ 1.4 ವೋಲ್ಟ್. ಪ್ರತಿ 2-3 ಮೀಟರ್‌ಗೆ ಒಂದು ಫೀಡರ್ (ಮುಖ್ಯ ತಂತಿಯಿಂದ ಹಳಿಗೆ ಬರುವ ತಂತಿ), ಜಾಯಿನರ್ ತೆಗೆದು ಸ್ಕ್ರೂ ಕ್ಲ್ಯಾಂಪ್. ಎಲ್ಲ ಮುಗಿದ ಮೇಲೆ ದೂರದ ತುದಿಯಲ್ಲಿ ಎರಡೂ ಹಳಿಗೆ ತಾಗುವಂತೆ ಒಂದು ಲೋಹದ ಸ್ಪ್ಯಾನರ್ ಇಡಿ. ಬೂಸ್ಟರ್ ತಟ್ಟನೆ ಟ್ರಿಪ್ ಆಗಬೇಕು. ಆಗದಿದ್ದರೆ ದಾರಿಯಲ್ಲಿ ಎಲ್ಲೋ ತಡೆ ಇದೆ, ಆ ಜಾಗ ಬಿಸಿಯಾಗುತ್ತಿದೆ ಅಂತಲೇ ಅರ್ಥ.

ರಿವರ್ಸ್ ಲೂಪ್‌ನ ಎರಡೂ ಬಾಯಲ್ಲಿ ಇನ್ಸುಲೇಟೆಡ್ ಜಾಯಿನರ್, ನಡುವೆ ಧ್ರುವ ತಾನೇ ಬದಲಿಸುವ ಆಟೋ ರಿವರ್ಸರ್. ಲೂಪಿನ ಪ್ರತ್ಯೇಕ ಭಾಗ ಅತಿ ಉದ್ದದ ಗಾಡಿಗಿಂತ ಉದ್ದ ಇರಬೇಕು.

ಸಪ್ಲೈ ಪೆಟ್ಟಿಗೆ ಶೀಟಿನ ಕೆಳಗೆ, ನೆಲದಿಂದ ಮೇಲೆ ಇರಲಿ. 230 ವೋಲ್ಟ್ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಟ್ಟನೆ ಕಡಿಯುವ ಸ್ವಿಚ್) ಇಲ್ಲದೆ ತಾರಸಿಯಲ್ಲಿ ಏನೂ ಶುರು ಮಾಡಬೇಡಿ.

ಕೊಥ್ರೂಡ್_ಮೀಟರ್‌ಗೇಜ್

ಇಬ್ಬರಿಗೂ ಧನ್ಯವಾದ. ಹಾಗಾದರೆ ಬ್ಯಾಟರಿ ಇಂಜಿನ್ನಿನಲ್ಲೇ ಇಟ್ಟು ಡಿಸಿಸಿ ಡಿಕೋಡರ್ (ಆದೇಶ ಓದಿ ಮೋಟರ್ ನಡೆಸುವ ಬೋರ್ಡ್) ಓಡಿಸಬಹುದೇ? ಇನ್ನೊಂದು, ಏಪ್ರಿಲ್‌ನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತೆ. ಕಪ್ಪು ಇಂಜಿನ್ನಿನೊಳಗೆ ಲಿಥಿಯಂ ಸೆಲ್ ಇಡಲು ಭಯ.

ಮಡಗಾಂವ್_ಹಳಿ

ಓಡಿಸಬಹುದ್ರಿ, ನಿಮಗ ಅದೇ ಸರಿ. ರೇಡಿಯೊ ರಿಸೀವರ್ ಇಂಜಿನ್ನಿನ ಒಳಗೇ ಡಿಸಿಸಿ ಸಿಗ್ನಲ್ ಮಾಡಿ ಡಿಕೋಡರಿಗೆ ಕೊಡತದ. ಹಳಿಗೆ ಕರೆಂಟ್ ಇರಂಗಿಲ್ಲ, ಸಿವಿ, ಕನ್ಸಿಸ್ಟ್, ಸದ್ದು ಎಲ್ಲಾ ಸಿಗತದ. ಡಿಕೋಡರ್ ದೊಡ್ಡ ಅಳತೀದು ಇರ್ಲಿ, ಎರಡು ಮೋಟರಿನ ಡೀಸೆಲ್ಲಿಗೆ ಕನಿಷ್ಠ 4 ಆಂಪ್ ತಡಕೊಳ್ಳೋದು. ಎಚ್‌ಒ ಡಿಕೋಡರ್ 1 ಆಂಪ್ ಆಸುಪಾಸು, ಮೊದಲ ಏರಿನಾಗೇ ಸುಡತದ.

ಬಿಸಿಲಿಗೆ ಲಿಥಿಯಂ-ಅಯಾನ್ ಬದಲು ಲಿಥಿಯಂ ಐರನ್ ಫಾಸ್ಫೇಟ್ ಹಾಕ್ರಿ. 6 ಸೆಲ್ ಸರಣಿಯಲ್ಲಿ 19.2 ವೋಲ್ಟ್, ತುಂಬಿದಾಗ 21.9. ಅದೇ ಸಾಮರ್ಥ್ಯಕ್ಕ ತೂಕ, ಜಾಗ ಸ್ವಲ್ಪ ಹೆಚ್ಚು ಬೇಕಾಗತದ, ಆದ್ರ ಬಿಸಿಗೆ ಬೆಂಕಿ ಹಿಡಿಯೋ ಅಪಾಯ ಬಹಳ ಕಡಿಮಿ. ಚಾರ್ಜರ್ ಮತ್ತು ಬಿಎಂಎಸ್ ಎರಡೂ ಇದೇ ಜಾತಿಯವು ಇರಬೇಕ್ರಿ. ಇದು ಸೆಲ್ಲಿಗೆ 3.65 ವೋಲ್ಟ್, ಲಿಥಿಯಂ-ಅಯಾನ್ ಚಾರ್ಜರ್ 4.2 ಕೊಡತದ. ಪ್ಲಗ್ ಹೊಂದತದ ಅಂತ ಚುಚ್ಚಿದ್ರ ಪ್ಯಾಕ್ ಹೋತು. ಎರಡು ಜಾತಿ ಪ್ಯಾಕಿಗೆ ಬೇರೆ ಬೇರೆ ಪ್ಲಗ್ ಇಟ್ಟುಬಿಡ್ರಿ.

ಯಾವುದೇ ಲಿಥಿಯಂ ಸೆಲ್ 45 ಡಿಗ್ರಿ ಮೇಲೆ ಚಾರ್ಜ್ ಮಾಡಬ್ಯಾಡ್ರಿ. ಮಧ್ಯಾಹ್ನ ಓಡಿಸಿದ ಇಂಜಿನ್ ಒಳಗ ತಂದು, ಬಾಡಿ ಬಿಚ್ಚಿ, ಪ್ಯಾಕ್ ಕೈಗೆ ತಣ್ಣಗಾದ ಮೇಲೇ ಹಚ್ಚ್ರಿ. ಮಳೆಗಾಲಕ್ಕ ಮುಚ್ಚಿಡೋ ಮುಂದ ತುಂಬಿಸಿ ಇಡೋದಲ್ಲ, ಅರ್ಧಕ್ಕ ಬಿಟ್ಟು ಇಡ್ರಿ, ಬಿಎಂಎಸ್‌ನಿಂದ ಲೋಡ್ ಪ್ಲಗ್ ಕಿತ್ತಿಡ್ರಿ.

ಸಾಮಾನು ಪುಣೆಯ ಟಪ್ಕೀರ್ ಗಲ್ಲಿಯಾಗ ಇಲ್ಲಾ ಮುಂಬಯಿ ಲ್ಯಾಮಿಂಗ್ಟನ್ ರಸ್ತೆಯಾಗ ಹುಡುಕ್ರಿ. ಸೆಲ್ ತಗೊಳ್ಳೋ ಮುಂದ ಮೀಟರ್ ಒಯ್ಯ್ರಿ: ಒಂದೇ ಪ್ಯಾಕಿನ ಸೆಲ್ಲುಗಳ ವೋಲ್ಟೇಜ್ ನಡುವ 0.05ಕ್ಕಿಂತ ಹೆಚ್ಚು ಫರಕ್ ಇದ್ರ ವಾಪಸ್ ಕೊಡ್ರಿ. ಪ್ಯಾಕ್ ಕಟ್ಟೋದು ಸ್ಪಾಟ್ ವೆಲ್ಡ್ ಮಾಡೋರ ಕಡಿಂದನೇ ಆಗ್ಲಿ, ಸೆಲ್ ಮೇಲೆ ಸೋಲ್ಡರ್ ಐರನ್ ಇಟ್ರ ಒಳಗಿನ ಸೀಲ್ ಬಿಸಿಗೆ ಹಾಳಾಗತದ.