ಒಬ್ಬರೇ ಬಿಡಿಸಿದ, ಉದ್ದ ಕಥೆಯ ವೆಬ್‌ಕಾಮಿಕ್ಸ್ ಯಾವುದು ಓದಲಿ?

ಶಿರಸಿ_ಪೆನ್ಸಿಲ್:

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಎರಡನೇ ವರ್ಷದ ಹುಡುಗಿ. ಸಂಜೆ ಹೊತ್ತು ಟ್ಯಾಬ್‌ನಲ್ಲಿ ಚಿತ್ರ ಬಿಡಿಸುತ್ತೇನೆ. ನಾಲ್ಕು ಚೌಕದ ಜೋಕುಗಳು ಇನ್‌ಸ್ಟಾಗ್ರಾಮ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ನೋಡುತ್ತೇವೆ, ನಗುತ್ತೇವೆ, ಮರೆಯುತ್ತೇವೆ. ನನಗೆ ಬೇಕಿರುವುದು ಉದ್ದದ ಕಥೆ. ಕಂಪನಿಯ ಹಂಗಿಲ್ಲದೆ ಒಬ್ಬರೇ ಕೂತು ವರ್ಷಗಟ್ಟಲೆ ಬಿಡಿಸಿದ್ದು. ದುಡ್ಡಿಲ್ಲದೆ ಓದುವ ಹಾಗಿರಬೇಕು. ನಮ್ಮ ಕಡೆಯವರದ್ದು ಇದ್ದರೆ ಅದನ್ನೂ ಹೇಳಿ. ಕನ್ನಡದಲ್ಲಿ ನನ್ನದೇ ಒಂದು ಕಥೆ ಶುರು ಮಾಡುವ ಆಸೆ ಇದೆ. ಅದಕ್ಕೂ ದಾರಿ ತೋರಿಸುವಂಥದ್ದು ಸಿಕ್ಕರೆ ತುಂಬಾ ಖುಷಿ.

ಡಿಟಿಪಿ_ಅಕ್ಕ_ಹುಬ್ಬಳ್ಳಿ:

ತಂಗಿ, ಕಾಲೇಜು ಹುಡುಗಿ ಅಂದೆಯಲ್ಲ, ನೀನು ಅಂತಲೇ ಬರೆಯುತ್ತೇನೆ. ನಂದು ಡಿಟಿಪಿ ಅಂಗಡಿ. ಹಗಲೆಲ್ಲ ಲಗ್ನಪತ್ರಿಕೆ, ಪಾವತಿ ಪುಸ್ತಕ. ರಾತ್ರಿ ಊಟ ಆದ ಮೇಲೆ ಕಾಮಿಕ್ಸ್ ಓದುವುದು, ಗೆಳೆಯರ ಕಾಮಿಕ್ಸ್‌ಗೆ ಅಕ್ಷರ ಕೂರಿಸಿಕೊಡುವುದು.

ಮೊದಲು 'ಪೆಪ್ಪರ್ ಅಂಡ್ ಕ್ಯಾರೆಟ್' ಓದು. ಫ್ರಾನ್ಸಿನ ಡೇವಿಡ್ ರೆವುವಾ 2014ರಲ್ಲಿ ಶುರು ಮಾಡಿದ್ದು. ಪೆಪ್ಪರ್ ಅನ್ನುವ ಪುಟ್ಟ ಮಾಟಗಾತಿ, ಕ್ಯಾರೆಟ್ ಅನ್ನುವ ಕಿತ್ತಳೆ ಬಣ್ಣದ ಬೆಕ್ಕು. ಮೊದಮೊದಲ ಕಂತುಗಳು ಬಹಳ ಸಣ್ಣವು. ಏನೋ ಕಷಾಯ ಕುದಿಸುತ್ತಾಳೆ, ಅದು ಎಡವಟ್ಟಾಗುತ್ತದೆ, ಮುಗಿಯಿತು. ಆಮೇಲೆ ಗುರುಗಳು ಬರುತ್ತಾರೆ, ಬೇರೆ ಬೇರೆ ಮಾಟದ ಶಾಲೆಗಳು ಬರುತ್ತವೆ, ಆ ಲೋಕ ನಿಧಾನಕ್ಕೆ ಬೆಳೆಯುತ್ತದೆ. ಉದ್ದ ಕಥೆ ಬರೆಯುವವರು ಇದನ್ನು ನೋಡಲೇಬೇಕು. ಇಡೀ ಲೋಕವನ್ನು ಮೊದಲೇ ಕಟ್ಟಿಟ್ಟುಕೊಂಡು ಕೂರಬೇಕಾಗಿಲ್ಲ.

ನಾನು ಇದನ್ನೇ ಮೊದಲು ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ರೆವುವಾ ಬರೀ ಮುಗಿದ ಪುಟ ಹಾಕಿ ಸುಮ್ಮನಾಗುವುದಿಲ್ಲ. ಕ್ರಿಟಾ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಬಿಡಿಸುತ್ತಾರೆ, ಆ ಮೂಲ ಫೈಲನ್ನು ಲೇಯರ್ ಸಮೇತ, ಅಂದರೆ ಒಂದರ ಮೇಲೊಂದು ಕೂತ ಚಿತ್ರದ ಪದರಗಳ ಸಮೇತ ಕೊಡುತ್ತಾರೆ. ಒಂದನ್ನು ಇಳಿಸಿಕೊಂಡು ಒಂದೊಂದೇ ಲೇಯರ್ ಮರೆಮಾಡಿ ನೋಡು. ಗೆರೆ ಎಲ್ಲಿ ನಿಂತಿತು, ಬಣ್ಣ ಎಲ್ಲಿ ಶುರುವಾಯಿತು, ಬೆಳಕನ್ನು ಎಲ್ಲಿಂದ ತಂದರು, ಎಲ್ಲ ಕಣ್ಣೆದುರಿಗೇ ಇರುತ್ತದೆ. ಇಂಥ ಪಾಠ ಎಷ್ಟು ಫೀಸು ಕಟ್ಟಿದರೂ ಸಿಗುವುದು ಕಷ್ಟ. ಲೈಸೆನ್ಸು ಕ್ರಿಯೇಟಿವ್ ಕಾಮನ್ಸ್. ಹೆಸರು ಹೇಳಿದರೆ ಸಾಕು, ಅನುವಾದ ಮಾಡಬಹುದು, ಅಚ್ಚು ಹಾಕಿ ಮಾರಲೂಬಹುದು. 2016ರಲ್ಲಿ ಫ್ರಾನ್ಸಿನ ಗ್ಲೆನಾ ಪ್ರಕಾಶನ ಪುಸ್ತಕ ಮಾಡಿತು. ಜಾಲದಲ್ಲಿ ಮಾತ್ರ ಇವತ್ತಿಗೂ ಉಚಿತ. ಅವರ ಹೊಟ್ಟೆಪಾಡು ನಡೆಯುವುದು ಓದುಗರು ಪ್ರೀತಿಯಿಂದ ಕೊಡುವ ದುಡ್ಡಿನಲ್ಲಿ.

ಎರಡನೆಯದು ಅರ್ಸುಲಾ ವರ್ನನ್ ಅವರ 'ಡಿಗ್ಗರ್'. ಅಮೆರಿಕದ ಲೇಖಕಿ. ಪೂರ್ತಿ ಕಪ್ಪು ಬಿಳುಪು, ಕಥೆ ಪೂರ್ತಿ ಮುಗಿದಿದೆ. ವೊಂಬ್ಯಾಟ್ ಅಂತ ಆಸ್ಟ್ರೇಲಿಯಾದಲ್ಲಿ ಬಿಲ ತೋಡುವ ಪ್ರಾಣಿ ಇದೆಯಲ್ಲ, ಅದೇ ಇಲ್ಲಿ ನಾಯಕಿ. ಸುರಂಗ ತೋಡುತ್ತಾ ದಾರಿ ತಪ್ಪಿ ಒಂದು ಗುಡಿಯೊಳಗೆ ಮೇಲೆ ಬರುತ್ತಾಳೆ. ಎದುರಿಗೆ ಯಾರು ಗೊತ್ತಾ? ಗಣಪತಿ! ಮಾತಾಡುವ ಮೂರ್ತಿ. ವೊಂಬ್ಯಾಟ್‌ಗಳಿಗೆ ದೇವರು, ಮಾಟ ಯಾವುದೂ ಹಿಡಿಸುವುದಿಲ್ಲ, ಅವರದ್ದು ಗುದ್ದಲಿಯ ಲೆಕ್ಕಾಚಾರ. ಗಣಪತಿಯೋ ಮರ್ಯಾದೆಯಿಂದ, ಸಮಾಧಾನದಿಂದ ಮಾತಾಡುತ್ತಾನೆ. ದೂರದ ಲೇಖಕಿಯೊಬ್ಬಳು ನಮ್ಮ ದೇವರನ್ನು ತಮಾಷೆಯ ವಸ್ತು ಮಾಡದೆ, ಕಥೆಗೆ ಬೇಕಾದ ಪಾತ್ರವಾಗಿ ಬರೆದಿದ್ದಾಳೆ. ನನಗೆ ಅದು ತುಂಬಾ ಹಿಡಿಸಿತು.

ಇದರಲ್ಲಿ ಒಂದು ಕತ್ತೆಕಿರುಬ ಬರುತ್ತದೆ. ಕುಲದಿಂದ ಹೊರಗೆ ಹಾಕಿದ್ದಾರೆ, ಹೆಸರನ್ನೂ ಕಿತ್ತುಕೊಂಡಿದ್ದಾರೆ. ಡಿಗ್ಗರ್ ಅವನಿಗೆ 'ಎಡ್' ಅಂತ ಹೆಸರಿಡುತ್ತಾಳೆ. ಅವನ ಕಥೆ ಓದುವಾಗ ನನಗೆ ಕಣ್ಣೀರು ಬಂತು. 2012ರಲ್ಲಿ ಇದಕ್ಕೆ ಹ್ಯೂಗೋ ಪ್ರಶಸ್ತಿ ಸಿಕ್ಕಿತು, ವೈಜ್ಞಾನಿಕ ಕಥೆ, ಕಲ್ಪನಾಲೋಕದ ಕಥೆಗಳಿಗೆ ಕೊಡುವ ದೊಡ್ಡ ಪ್ರಶಸ್ತಿ ಅದು. ಬಣ್ಣವಿಲ್ಲದೆಯೂ ಕತ್ತಲೆ, ಕಲ್ಲು, ಕೂದಲು ಹೇಗೆ ಬೇರೆ ಬೇರೆ ಕಾಣಿಸಬೇಕು ಅನ್ನುವುದನ್ನು ಇಲ್ಲಿ ಕಲಿಯಬಹುದು.

ಇನ್ನೊಂದು ಮಾತು. ಯಾರದ್ದೇ ಓದು, ಅವರದೇ ಜಾಲತಾಣಕ್ಕೆ ಹೋಗಿ ಮೊದಲ ಪುಟದಿಂದ ಓದು. ಬೇರೆಯವರಿಗೆ ಹೇಳುವಾಗ ಸ್ಕ್ರೀನ್‌ಶಾಟ್ ಬೇಡ, ಲಿಂಕ್ ಕಳಿಸು, ಹೆಸರು ಬರೆ. ನನಗೆ ಗೊತ್ತಿರುವ ಹುಡುಗನೊಬ್ಬ ರಾತ್ರಿ ಕೂತು ಬಿಡಿಸಿದ ಸ್ಟ್ರಿಪ್ ನಮ್ಮ ಮನೆಯ ವಾಟ್ಸಾಪ್ ಗುಂಪಿಗೇ ಬಂತು. ಕೆಳಗಿದ್ದ ಅವನ ಸಹಿ ಕತ್ತರಿಸಿ ಯಾವುದೋ ಪೇಜಿನ ಹೆಸರು ಹಾಕಿದ್ದರು. ಸಾವಿರಾರು ಜನ ನೋಡಿದರೂ ಅವನಿಗೆ ಒಬ್ಬ ಓದುಗನೂ ಹೆಚ್ಚಲಿಲ್ಲ. ಇದು ಅನ್ಯಾಯ ಅಲ್ವಾ? ಒಂದೇ ಒಂದು ಲಿಂಕ್ ಇದ್ದಿದ್ದರೆ ಅವನ ಉಳಿದ ಕೆಲಸವನ್ನೂ ಜನ ನೋಡುತ್ತಿದ್ದರು.

ಉಡುಪಿ_ಓದುಗ:

ಅಕ್ಕ ಹೇಳಿದ್ದಕ್ಕೆ ನಮ್ಮ ದೇಶದ್ದು ಎರಡು ಸೇರಿಸುತ್ತೇನೆ. ಉದ್ದ ಕಥೆಗಳಲ್ಲ, ಆದರೂ ನೋಡಿ. ನಾಗಪುರದ ರೋಹನ್ ಚಕ್ರವರ್ತಿ ಅವರ 'ಗ್ರೀನ್ ಹ್ಯೂಮರ್'. ಓದಿದ್ದು ಹಲ್ಲಿನ ಡಾಕ್ಟರಿಕೆ, ಬಿಡಿಸುವುದು ಕಾಡಿನ ಪ್ರಾಣಿ ಪಕ್ಷಿಗಳನ್ನು. ಕಪ್ಪೆ, ಬಾವಲಿ, ಹದ್ದು ಯಾವುದನ್ನೂ ಬಿಟ್ಟಿಲ್ಲ. ಒಂದೊಂದು ಪ್ರದೇಶದ ಪ್ರಾಣಿಗಳನ್ನು ತುಂಬಿಸಿ ನಕ್ಷೆಗಳನ್ನೂ ಬಿಡಿಸಿದ್ದಾರೆ. ಅದನ್ನು ದೊಡ್ಡ ಪರದೆಯಲ್ಲೇ ನೋಡಬೇಕು.

ಇನ್ನೊಂದು ಬೆಂಗಳೂರಿನ ಆರತಿ ಪಾರ್ಥಸಾರಥಿ ಅವರ 'ರಾಯಲ್ ಎಗ್ಸಿಸ್ಟೆನ್ಶಿಯಲ್ಸ್'. ಹಳೆಯ ಕಾಲದ ಚಿತ್ರಗಳಲ್ಲಿರುವ ರಾಜ ರಾಣಿಯರ ಬಾಯಲ್ಲಿ ಇವತ್ತಿನ ಮಾತು. ಹೊಸ ಗೆರೆ ಎಳೆಯದೆ, ಮಾತಿನಿಂದಲೇ ಕಾಮಿಕ್ಸ್ ಮಾಡಬಹುದು ಅಂತ ತೋರಿಸಿಕೊಟ್ಟವರು. ಕೆನಡಾದ ರಯಾನ್ ನಾರ್ತ್ ಅವರ 'ಡೈನೊಸಾರ್ ಕಾಮಿಕ್ಸ್' ಕೂಡ ಹಾಗೆಯೇ. 2003ರಿಂದ ಅದೇ ಆರು ಚೌಕ, ಅದೇ ಚಿತ್ರ, ಮಾತು ಮಾತ್ರ ಬೇರೆ. ಸಂಭಾಷಣೆ ಬರೆಯುವುದನ್ನು ಕಲಿಯಬೇಕಾದರೆ ಇದನ್ನು ಓದಿ.

ಶಿರಸಿ_ಪೆನ್ಸಿಲ್:

ಇಬ್ಬರಿಗೂ ಥ್ಯಾಂಕ್ಸ್! 'ಡಿಗ್ಗರ್' ಶುರು ಮಾಡಿಬಿಟ್ಟೆ, ಗಣಪತಿಯ ಗುಡಿಗೆ ಬಂದಿದ್ದೇನೆ. ಅಕ್ಕ, ಒಂದು ಪ್ರಶ್ನೆ. ನಾನು ಬಿಡಿಸಿದ ಪುಟಕ್ಕೆ ಕನ್ನಡದಲ್ಲಿ ಮಾತು ಹಾಕಿದರೆ ಬಲೂನು (ಪಾತ್ರದ ಮಾತು ಬರೆಯುವ ಗುಳ್ಳೆ) ತುಂಬಿ ತುಳುಕುತ್ತದೆ. ಅದೇ ಮಾತು ಇಂಗ್ಲಿಷಿನಲ್ಲಿ ಸರಿಯಾಗಿ ಕೂರುತ್ತದೆ. ಏನು ಮಾಡಲಿ?

ಡಿಟಿಪಿ_ಅಕ್ಕ_ಹುಬ್ಬಳ್ಳಿ:

ಇದು ದಿನಾ ನಾನು ಗುದ್ದಾಡುವ ವಿಷಯ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಸಾಮಾನ್ಯವಾಗಿ ಎಲ್ಲ ದೊಡ್ಡಕ್ಷರ. ಎಲ್ಲದರ ಎತ್ತರ ಒಂದೇ, ಕೆಳಗೆ ಬಾಲವಿಲ್ಲ. ಸಾಲಿಗೆ ಸಾಲು ಅಂಟಿಸಿದರೂ ಓದಬಹುದು. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. 'ರಾಷ್ಟ್ರ' ಅಂತ ಬರೆದರೆ ಎರಡು ಒತ್ತು ಕೆಳಗೆ ಇಳಿಯುತ್ತವೆ. ಮುಂದಿನ ಸಾಲಿನಲ್ಲಿ ಅದರ ಕೆಳಗೇ ಒಂದು 'ಕೀ' ಬಂದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಅದಕ್ಕೆ ಸಾಲುಗಳ ನಡುವೆ ಜಾಗ ಜಾಸ್ತಿ ಬೇಕು. ಅಕ್ಷರದ ಅಳತೆಯ ಒಂದೂವರೆ ಪಟ್ಟಿನಿಂದ ಶುರು ಮಾಡಿ ಕಣ್ಣಳತೆಯಲ್ಲಿ ಇಳಿಸುತ್ತಾ ಬಾ.

ಚಿತ್ರ ಮುಗಿಸಿ ಬಲೂನು ಬಿಡಿಸಿ ಕೊನೆಗೆ ಮಾತು ತುರುಕಬೇಡ. ಕಚ್ಚಾ ಗೆರೆ ಹಾಕುವಾಗಲೇ ಮಾತನ್ನು ಟೈಪ್ ಮಾಡಿ ಚೌಕದ ಮೇಲೆ ಇಡು. ಅದರ ಸುತ್ತ ಬಲೂನು ಎಳೆ. ಉಳಿದ ಜಾಗದಲ್ಲಿ ಪಾತ್ರ ನಿಲ್ಲಲಿ. ಬಲೂನು ಅಗಲವಾಗಿರಲಿ, ನಮ್ಮ ಪದಗಳು ಉದ್ದ. ಪದವನ್ನು ಅರ್ಧಕ್ಕೆ ಮುರಿದು ಕೆಳಗಿನ ಸಾಲಿಗೆ ಹಾಕಬೇಡ, ಓದುವವರು ಎಡವುತ್ತಾರೆ.

ಮಾತನ್ನೇ ಚಿಕ್ಕದು ಮಾಡುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ. 'ನೀನು ನಿನ್ನೆಯೇ ಹೋಗಬೇಕಾಗಿತ್ತಲ್ಲವೇ' ಅಂತ ಯಾರೂ ಮಾತಾಡುವುದಿಲ್ಲ. 'ನಿನ್ನೇನೇ ಹೋಗ್ಬೇಕಿತ್ತು!' ಅಷ್ಟು ಸಾಕು. ಶಿರಸಿ ಕಡೆ ನಿಮ್ಮ ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೆಯೇ ಬರೆ. ಜಾಗವೂ ಉಳಿಯುತ್ತದೆ, ಪಾತ್ರಕ್ಕೂ ಜೀವ ಬರುತ್ತದೆ.

ಫಾಂಟಿಗೆ 'ಬಾಲೂ ತಮ್ಮ' ನೋಡು. ಏಕ್ ಟೈಪ್ ಅನ್ನುವ ಫಾಂಟ್ ತಯಾರಕರದ್ದು, ಉಚಿತ, ಯುನಿಕೋಡ್. ಗುಂಡುಗುಂಡಾಗಿ, ದಪ್ಪವಾಗಿ, ಬಲೂನಿಗೆ ಹೇಳಿ ಮಾಡಿಸಿದ ಹಾಗಿದೆ. ಲಗ್ನಪತ್ರಿಕೆಯ ಬಳುಕುವ ಅಕ್ಷರ ಮಾತ್ರ ಬೇಡವೇ ಬೇಡ, ಫೋನಿನಲ್ಲಿ ಒತ್ತು ಕಾಣುವುದಿಲ್ಲ.

ಕೈ ಪಳಗಿಸಲು 'ಪೆಪ್ಪರ್ ಅಂಡ್ ಕ್ಯಾರೆಟ್' ಪುಟಗಳನ್ನೇ ತಗೋ. ಅದರಲ್ಲಿ ಚಿತ್ರ ಬೇರೆ, ಮಾತು ಬೇರೆ ಫೈಲ್. ಮಾತಿನ ಫೈಲು ಇಂಕ್‌ಸ್ಕೇಪ್ ಅನ್ನುವ ಸಾಫ್ಟ್‌ವೇರಿನಲ್ಲಿ ತೆರೆಯುತ್ತದೆ, ಅದೂ ಉಚಿತ. ಇಂಗ್ಲಿಷ್ ತೆಗೆದು ಕನ್ನಡ ಹಾಕು, ಬಲೂನನ್ನು ಎಳೆದು ಹೊಂದಿಸು. ಮೊದಲ ಕಂತು ಸಣ್ಣದು, ಅದರಿಂದಲೇ ಶುರು ಮಾಡು. ಆಮೇಲೆ ನಿನ್ನ ಕಥೆಯ ಮೊದಲ ಪುಟವನ್ನು ಇಲ್ಲಿ ಹಾಕು, ಸಾಲುಗಳ ಅಂತರ ನಾನು ನೋಡಿ ಹೇಳುತ್ತೇನೆ. ಸಹಿ ಹಾಕುವುದನ್ನು ಮರೀಬೇಡ. ಅಂಚಿನಲ್ಲಿ ಬೇಡ, ಕತ್ತರಿಸಲು ಬಾರದ ಹಾಗೆ ಚಿತ್ರದ ಒಳಗೇ ಇರಲಿ.