ಎರಡೂವರೆ ಹನಿ

ನನ್ನ ಕಾರಿನ ಬಲಗಡೆಯ ಹೆಡ್‌ಲೈಟಿನೊಳಗೆ ನೀರು ಸೇರಿಕೊಂಡಿದೆ ಎಂಬ ಸಂಗತಿಯನ್ನು ಯಾರಿಗೂ ಹೇಳಬಾರದೆಂದೇ ನಾನು ನಿಶ್ಚಯಿಸಿದ್ದೆ. ಕಾರಿನ ಕಾಯಿಲೆಯನ್ನು ಮೂವರ ಮುಂದೆ ಹೇಳಿಕೊಂಡರೆ ಆರು ಬಗೆಯ ಔಷಧ ಸಿಗುತ್ತದೆ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಹೆಡ್‌ಲೈಟು ಗುಟ್ಟನ್ನು ಮುಚ್ಚಿಡುವ ಅಂಗವಲ್ಲ. ಎಂಜಿನ್ ಗೊಣಗಿದರೆ ರೇಡಿಯೊ ಜೋರು ಮಾಡಿ ಮರೆಸಬಹುದು. ಹೆಡ್‌ಲೈಟು ಮಾತ್ರ ಎದುರಿಗೆ ಬಂದವರಿಗೆಲ್ಲ ತನ್ನ ಹೊಟ್ಟೆಯೊಳಗಿನದನ್ನು ತೋರಿಸುತ್ತಲೇ ನಿಂತಿರುತ್ತದೆ. ಹಾಗಾಗಿ ಆ ಭಾನುವಾರ ನನ್ನ ಮೂವರು ಸ್ನೇಹಿತರು ಬಾನೆಟ್ಟಿನ ಸುತ್ತ ನೆರೆದರು. ಒಬ್ಬರು ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು, ಇನ್ನೊಬ್ಬರು ವಕೀಲರು, ಮೂರನೆಯವನಿಗೆ ನಾವೆಲ್ಲ ಉಪಾಯಗಾರ ಎಂದೇ ಕರೆಯುತ್ತೇವೆ, ಏಕೆಂದರೆ ಅವನ ಬಳಿ ಉಪಾಯವಿಲ್ಲದ ತೊಂದರೆಯೂ ಇಲ್ಲ, ಅವನ ಉಪಾಯದಿಂದ ತೀರಿದ ತೊಂದರೆಯೂ ಇಲ್ಲ.

“ಇದು ಬಹಳ ಸುಲಭ. ಟೂತ್‌ಪೇಸ್ಟ್ ಹಚ್ಚಿ ಚೆನ್ನಾಗಿ ಉಜ್ಜಿದರೆ ಗಾಜು ಹೊಸದರಂತಾಗುತ್ತದೆ” ಎಂದು ಉಪಾಯಗಾರನು ಶುರುಮಾಡಿದನು.

“ಮೊದಲನೆಯದಾಗಿ ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು” ಎಂದು ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡರು. “ಎರಡನೆಯದಾಗಿ, ಬಿಸಿಲಿಗೆ ಸಿಕ್ಕಿ ಹೊರಮೈ ಹಳದಿಯಾದಾಗ ಉಜ್ಜುವ ಮದ್ದು ಅದು. ಅಲ್ಲಿಯೂ ಅದು ಉಳಿದಿದ್ದ ರಕ್ಷಣೆಯ ಲೇಪವನ್ನು ಕೆರೆದು ಹಾಕುವುದರಿಂದ ಹಳದಿ ಬೇಗನೆ ಮರಳಿ ಬರುತ್ತದೆ. ಇಲ್ಲಿ ಮಬ್ಬು ಇರುವುದು ಒಳಗೆ, ನೀನು ಉಜ್ಜುವುದು ಹೊರಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.”

ನಾನು ನಡುವೆ ಬಾಯಿ ಹಾಕಿ, ಇಷ್ಟು ದುಬಾರಿಯ ವಸ್ತುವನ್ನು ಗಾಳಿಯೂ ನುಗ್ಗದ ಹಾಗೆ ಮುಚ್ಚಿ ಕೊಡಲು ತಯಾರಕರಿಗೇನು ಕಷ್ಟ ಎಂದು ಕೇಳಿದೆ. ಮೇಷ್ಟ್ರಿಗೆ ಬೇಕಾಗಿದ್ದುದು ಈ ಪ್ರಶ್ನೆಯೇ. ದೀಪ ಹಚ್ಚಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಅದಕ್ಕೆ ಹೊರಗೆ ಹೋಗಲು ದಾರಿಯಿರದಿದ್ದರೆ ಅದು ಅಂಚಿನ ಅಂಟನ್ನು ದಿನವೂ ಒಳಗಿನಿಂದ ತಳ್ಳುತ್ತ, ಒಂದಲ್ಲ ಒಂದು ದಿನ ತಾನೇ ದಾರಿ ಮಾಡಿಕೊಳ್ಳುತ್ತದೆ. ಆದ್ದರಿಂದ ಹೆಡ್‌ಲೈಟಿನ ಹಿಂಬದಿಯಲ್ಲಿ ಉಸಿರಾಟಕ್ಕೆಂದೇ ವೆಂಟುಗಳಿರುತ್ತವೆ. ಕೆಲವು ಕಾರುಗಳಲ್ಲಿ ಅವು ಬಾಯಿ ಕೆಳಗೆ ಮಾಡಿ ಬಾಗಿದ ರಬ್ಬರ್ ಕೊಳವೆಗಳು. ಇನ್ನು ಕೆಲವುಗಳಲ್ಲಿ ಗಾಳಿಯನ್ನೂ ಆವಿಯನ್ನೂ ಬಿಟ್ಟು ನೀರಿನ ಹನಿಯನ್ನು ಮಾತ್ರ ತಡೆಯುವ ತೆಳುವಾದ ಪೊರೆಯ ಬಿಲ್ಲೆಗಳು. ದೀಪ ಆರಿದ ಮೇಲೆ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಆಗ ಅದೇ ದಾರಿಯಿಂದ ಹೊರಗಿನ ಗಾಳಿಯನ್ನು ತೇವದ ಸಮೇತ ಒಳಗೆಳೆದುಕೊಳ್ಳುತ್ತದೆ. ರಾತ್ರಿ ಹೊರಮೈ ತಂಪಾದಾಗ ಆ ತೇವ ಒಳಮೈಗೆ ಮಂಜಿನಂತೆ ಕೂರುತ್ತದೆ, ದೀಪ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಎದ್ದು ಹೋಗುತ್ತದೆ.

“ಹಾಗಿದ್ದರೆ ಹಿಂದಿನ ಕಾಲದ ಕಾರುಗಳಿಗೆ ಈ ರೋಗ ಏಕಿರಲಿಲ್ಲ?” ಎಂದು ವಕೀಲರು ಕೇಳಿದರು, ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅವರು ಕೇಳುವುದೇ ಇಲ್ಲವಾದ್ದರಿಂದ ಉತ್ತರವನ್ನೂ ತಾವೇ ಹೇಳಿದರು. ಅಮೆರಿಕದಲ್ಲಿ 1940ರಿಂದ ಸೀಲ್ಡ್ ಬೀಮ್ ದೀಪಗಳೇ ಕಡ್ಡಾಯವಾಗಿದ್ದವಂತೆ. ತಂತಿ, ಬೆಳಕನ್ನು ಮುಂದಕ್ಕೆ ಚೆಲ್ಲುವ ಕನ್ನಡಿ, ಗಾಜು ಎಲ್ಲವೂ ಸೇರಿ ಒಂದೇ ದೊಡ್ಡ ಬಲ್ಬಿನಂತಿದ್ದ ಅವುಗಳೊಳಗೆ ತೇವಕ್ಕೆ ಜಾಗವಿರಲಿಲ್ಲ. ಆದರೆ ತಂತಿ ಕಡಿದರೆ ಇಡೀ ದೀಪವನ್ನೇ ಬದಲಿಸಬೇಕಾಗಿತ್ತು. 1983ರಲ್ಲಿ ನಿಯಮ ಸಡಿಲವಾದ ಮೇಲೆ ಬಲ್ಬನ್ನಷ್ಟೇ ಬದಲಿಸುವ ಪ್ಲಾಸ್ಟಿಕ್ ಹೆಡ್‌ಲೈಟುಗಳು ಅಲ್ಲಿಯೂ ಬಂದವು. “ಬಲ್ಬು ಹೋಗಿ ಬರಲು ಬಾಗಿಲು ಇಟ್ಟ ಮೇಲೆ ನೀರು ನನಗೇಕೆ ಪ್ರವೇಶವಿಲ್ಲ ಎಂದು ವಾದಿಸಿದರೆ ತಪ್ಪೇನು?” ಎಂದು ಅವರು ಮುಗಿಸಿದರು.

“ಅಂದರೆ ನನ್ನ ದೀಪದೊಳಗಿನ ನೀರು ಬರಿಯ ಉಸಿರು” ಎಂದು ನಾನು ಸಮಾಧಾನದ ನಿಟ್ಟುಸಿರು ಬಿಟ್ಟೆ.

“ತಾಳು, ಲೆಕ್ಕ ಮಾಡೋಣ” ಎಂದರು ಮೇಷ್ಟ್ರು. ಅವರು ಲೆಕ್ಕ ಎಂದಾಗ ಉಪಾಯಗಾರನು ಹಿಂದಿನ ಬೆಂಚಿನ ಹುಡುಗನಂತೆ ಟಯರಿನ ಮೇಲೆ ಕುಳಿತುಬಿಟ್ಟನು. ಮೇಷ್ಟ್ರು ಬಾನೆಟ್ಟಿನ ಮೇಲಿನ ಧೂಳಿನಲ್ಲಿ ಬೆರಳಿನಿಂದ ಬರೆದರು: 30 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಂದು ಘನ ಮೀಟರ್ ಗಾಳಿ ತೇವದಿಂದ ತುಂಬಿ ತುಳುಕಿದರೂ ಅದರಲ್ಲಿರುವುದು ಸುಮಾರು 30 ಗ್ರಾಂ ನೀರು, ಅದು 20 ಡಿಗ್ರಿಗೆ ಇಳಿದರೆ ಹಿಡಿದಿಡಬಲ್ಲದ್ದು ಸುಮಾರು 17 ಗ್ರಾಂ. ಉಳಿದ 13 ಗ್ರಾಂ ಹೊರಬೀಳಬೇಕು. “ನಿನ್ನ ಹೆಡ್‌ಲೈಟಿನೊಳಗೆ ಹತ್ತು ಲೀಟರ್ ಗಾಳಿಯಿದೆ ಎಂದು ಉದಾರವಾಗಿಯೇ ಇಟ್ಟುಕೊಳ್ಳೋಣ. ಅದು ಘನ ಮೀಟರಿನ ನೂರನೆಯ ಒಂದು ಭಾಗ. ಅಂದರೆ ಹೊರಬೀಳುವ ನೀರು 0.13 ಗ್ರಾಂ. ಒಂದು ಹನಿಗೆ 0.05 ಗ್ರಾಂ ಹಿಡಿದರೆ ಸುಮಾರು ಎರಡೂವರೆ ಹನಿ. ಒಂದು ರಾತ್ರಿಯ ಉಸಿರು ಇಷ್ಟೇ, ಬೆಳಿಗ್ಗೆ ದೀಪ ಬೆಚ್ಚಗಾದರೆ ಅದೂ ಉಳಿಯುವುದಿಲ್ಲ. ಈಗ ನಿನ್ನಲ್ಲಿ ಎಷ್ಟಿದೆ ಎಂದು ನೋಡು.”

ನೋಡುವ ಕೆಲಸವನ್ನು ಉಪಾಯಗಾರನು ವಹಿಸಿಕೊಂಡನು. ಅವನು ಬಂಪರಿನ ಮೂಲೆಯನ್ನು ಹಿಡಿದು ಕಾರನ್ನು ತೊಟ್ಟಿಲಿನಂತೆ ತೂಗಿದಾಗ, ಹೆಡ್‌ಲೈಟಿನ ತಳದಲ್ಲಿ ಬೆರಳಿನ ಗಾತ್ರ ನಿಂತಿದ್ದ ನೀರು ಈ ತುದಿಯಿಂದ ಆ ತುದಿಗೆ ಅಲೆಯಾಗಿ ಹೋಗಿ, ಇಂಡಿಕೇಟರಿನ ಬುಡಕ್ಕೆ ಬಡಿದು, ಅಷ್ಟೇ ಗಾಂಭೀರ್ಯದಿಂದ ಹಿಂದಿರುಗಿತು. ಅದರ ಜೊತೆಗೆ ಒಂದು ಸತ್ತ ಸೊಳ್ಳೆಯೂ ಪ್ರಯಾಣ ಮಾಡಿತು.

“ಇದು ಉಸಿರಲ್ಲ, ಅತಿಕ್ರಮ ಪ್ರವೇಶ” ಎಂದು ವಕೀಲರು ತೀರ್ಪು ಕೊಟ್ಟರು.

ನೀರು ನೀರಾಗಿಯೇ ಒಳಗೆ ಬಂದಿದೆ ಎಂದು ಸಾಬೀತಾದ ಮೇಲೆ ಉಪಾಯಗಾರನಿಗೆ ಹುಮ್ಮಸ್ಸು ಬಂದಿತು. ಮೊದಲು ಅವನು ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಒಳಗೆ ಹಾಕಬೇಕೆಂದನು. ಅದು ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ನೀರನ್ನು ಹೀರಿ ಸುಮ್ಮನಾಗುತ್ತದೆ, ವೆಂಟಿನ ಆಚೆಗೆ ಇಡೀ ಆಕಾಶದ ತೇವ ಸರದಿಯಲ್ಲಿ ನಿಂತಿರುವಾಗ ಇದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ಮೇಷ್ಟ್ರು ಹೇಳಿದರು. ಆಗ ಉಪಾಯಗಾರನು ತಾನೇ ಒಪ್ಪಿಕೊಂಡನು: ಹಿಂದೊಮ್ಮೆ ಅವನು ಹಾಕಿದ ಪೊಟ್ಟಣ ಜಾರಿ ಬಲ್ಬಿನ ಮುಂದೆ ಬಂದು ನಿಂತು, ಒಂದು ವಾರದವರೆಗೆ ರಸ್ತೆಯ ಮೇಲೆ ಅವನ ಮುಂದೆ ಒಂದು ಚೌಕಾಕಾರದ ನೆರಳು ಓಡುತ್ತಿತ್ತಂತೆ. ಕೊನೆಗೆ ಸುಟ್ಟ ವಾಸನೆ ಬಂದು ತೆಗೆದು ನೋಡಿದಾಗ ‘ತಿನ್ನಬೇಡಿ’ ಎಂಬ ಸೂಚನೆ ಮಾತ್ರ ಓದಲು ಬರುವಂತಿತ್ತಂತೆ.

ಎರಡನೆಯ ಉಪಾಯ ತಳದಲ್ಲಿ ಒಂದು ಸಣ್ಣ ತೂತು ಕೊರೆಯುವುದು. ಇದನ್ನೂ ಅವನು ಮಾಡಿ ನೋಡಿದ್ದನು. ನೀರು ಸರಾಗವಾಗಿ ಹೊರಗೆ ಹೋಯಿತು. ಮುಂದಿನ ಸಲ ನಿಂತ ನೀರಿನಲ್ಲಿ ಕಾರು ಹಾಯಿಸಿದಾಗ ಅಷ್ಟೇ ಸರಾಗವಾಗಿ, ಸ್ವಲ್ಪ ಕೆಸರನ್ನೂ ಕರೆದುಕೊಂಡು, ಒಳಗೆ ಬಂದಿತು. ಹೊರಗೆ ಹೋಗುವವರಿಗೆಂದು ಮಾಡಿದ ಬಾಗಿಲಿಗೆ ಒಳಗೆ ಬರುವವರನ್ನು ತಡೆಯುವ ಅಭ್ಯಾಸವಿರುವುದಿಲ್ಲ. ಆಮೇಲೆ ಅವನು ಆ ತೂತನ್ನಲ್ಲದೆ ಕಣ್ಣಿಗೆ ಬಿದ್ದ ಎಲ್ಲ ಸಂದುಗಳನ್ನೂ, ವೆಂಟುಗಳನ್ನೂ ಸೇರಿಸಿ, ಸಿಲಿಕೋನ್ ಎಂಬ ರಬ್ಬರಿನಂಥ ಅಂಟಿನಿಂದ ಮುಚ್ಚಿದನು. ಹಾಗೆ ಮಾಡಿದಾಗ ತೇವ ಒಳಗೇ ಸೆರೆಯಾಯಿತು. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಒಣಗುವಾಗ ವಿನೆಗರ್ ವಾಸನೆ ಬರುವ ಸಿಲಿಕೋನು ಅಸಿಟಿಕ್ ಆಮ್ಲವನ್ನು ಬಿಡುವುದರಿಂದ, ಮುಚ್ಚಿದ ದೀಪದೊಳಗೆ ಅದು ಕನ್ನಡಿಯ ಲೇಪಕ್ಕೂ ಬಲ್ಬಿನ ಸಂಪರ್ಕಗಳಿಗೂ ಒಳ್ಳೆಯದಲ್ಲ. ಒಂದು ಸಣ್ಣ ಬಿರುಕಿಗೆ ಅವನು ಸೂಪರ್ ಗ್ಲೂ ಸುರಿದಿದ್ದನು, ಅದರ ಆವಿ ಒಳಮೈಗೆ ಬಿಳಿಯ ಪುಡಿಯಂತೆ ಕುಳಿತು, ತೇವವಿಲ್ಲದೆಯೇ ಶಾಶ್ವತವಾದ ಮಂಜನ್ನು ದೊರಕಿಸಿಕೊಟ್ಟಿತು.

“ಆ ಮಂಜನ್ನು ಒರೆಸಲಿಲ್ಲವೇ?” ಎಂದು ವಕೀಲರು ಕೇಳಿದರು.

“ಒರೆಸಿದೆ” ಎಂದು ಉಪಾಯಗಾರನು ತಲೆ ತಗ್ಗಿಸಿದನು. ದಪ್ಪ ತಂತಿಯ ತುದಿಗೆ ಮೆತ್ತನೆಯ ಬಟ್ಟೆ ಸುತ್ತಿ, ಬಲ್ಬಿನ ರಂಧ್ರದಿಂದ ತೂರಿಸಿ, ಒಳಗಿನ ಮೂಲೆಮೂಲೆಯನ್ನೂ ಉಜ್ಜಿದ್ದನಂತೆ. ಹೊರಗೆಳೆದಾಗ ಬಟ್ಟೆಯ ಮೇಲೆ ಬೂದು ಬಣ್ಣದ ಹೊಳಪು ಅಂಟಿಕೊಂಡಿತ್ತು. ಎಷ್ಟು ವರ್ಷದ ಕೊಳೆಯೋ ಎಂದು ಸಂತೋಷಪಟ್ಟು ಇನ್ನೂ ಎರಡು ಸಲ ಉಜ್ಜಿದನು. ಅವನು ಒರೆಸಿ ತೆಗೆದದ್ದು ಕನ್ನಡಿಯನ್ನೇ ಎಂಬುದು ರಾತ್ರಿ ದೀಪ ಹಚ್ಚಿದಾಗ ತಿಳಿಯಿತು. ಆ ಹೊಳಪು ಪ್ಲಾಸ್ಟಿಕ್ಕಿನ ಮೇಲೆ ಕೂರಿಸಿದ, ಕೂದಲೆಳೆಗಿಂತ ನೂರಾರು ಪಟ್ಟು ತೆಳುವಾದ ಅಲ್ಯೂಮಿನಿಯಮ್ ಪದರ. ಅದನ್ನು ಮುಟ್ಟದಿರುವುದೇ ಅದಕ್ಕೆ ಮಾಡುವ ಉಪಚಾರ ಎಂದು ಮೇಷ್ಟ್ರು ವಿವರಿಸುವ ಹೊತ್ತಿಗೆ ಕಾಲ ಮಿಂಚಿಹೋಗಿತ್ತು. ಈಗ ಅವನು ಹೊಸ ಎಲ್‌ಇಡಿ ಬಲ್ಬು ಹಾಕಿಸಿದ್ದಾನೆ. ಹಳೆಯ ಹ್ಯಾಲೊಜೆನ್ ಬಲ್ಬಿನ 55 ವ್ಯಾಟಿನಲ್ಲಿ ಬಹುಪಾಲು ಶಾಖವಾಗಿ ಹೋಗುತ್ತಿದ್ದುದರಿಂದ ಮುಂಭಾಗವಾದರೂ ಬೆಚ್ಚಗಾಗುತ್ತಿತ್ತು. ಎಲ್‌ಇಡಿಯ ಬಿಸಿಯೆಲ್ಲ ಹಿಂಬದಿಯಲ್ಲಿಯೇ ಉಳಿಯುವುದರಿಂದ ಮಂಜು ಮೊದಲಿಗಿಂತ ಹೆಚ್ಚು ಹೊತ್ತು ಆರಾಮವಾಗಿ ಕುಳಿತಿರುತ್ತದೆ.

ಇಷ್ಟು ಹೊತ್ತು ಸುಮ್ಮನಿದ್ದ ವಕೀಲರು ನನ್ನ ಕಡೆಗೆ ತಿರುಗಿದರು. “ಈ ದೀಪವನ್ನು ಕೊನೆಯ ಬಾರಿ ತೆರೆದವರು ಯಾರು?”

“ಮೂರು ವಾರದ ಹಿಂದೆ ಬಲ್ಬು ಬದಲಿಸಿದವನು ನಾನೇ.”

“ಎಡಗಡೆಯ ದೀಪದಲ್ಲಿ ನೀರಿದೆಯೇ?”

“ಇಲ್ಲ.”

“ಎರಡರ ಮೇಲೂ ಬಿದ್ದದ್ದು ಒಂದೇ ಮಳೆ. ನೀವು ಮುಟ್ಟಿದ್ದರಲ್ಲಿ ಮಾತ್ರ ನೀರು. ಇನ್ನು ಪ್ರಶ್ನೆಗಳಿಲ್ಲ.”

ನಾನು ಅವಮಾನವನ್ನು ನುಂಗಿಕೊಂಡು ಬಾನೆಟ್ ಎತ್ತಿದೆ. ಬಲ್ಬಿನ ರಂಧ್ರವನ್ನು ಹಿಂಬದಿಯಿಂದ ಮುಚ್ಚುವ ಡಸ್ಟ್ ಕ್ಯಾಪ್ ತನ್ನ ಜಾಗದಲ್ಲಿಯೇ ಇತ್ತು. ನಾನು ವಿಜಯದ ನಗೆ ಬೀರುವಷ್ಟರಲ್ಲಿ ಮೇಷ್ಟ್ರು ಟಾರ್ಚ್ ಹಿಡಿದು ಬಗ್ಗಿ ನೋಡಿದರು. ಕ್ಯಾಪಿನ ರಬ್ಬರ್ ಉಂಗುರ ಮತ್ತು ದೀಪದ ಅಂಚಿನ ನಡುವೆ ಬಲ್ಬಿನ ಕಪ್ಪು ವೈರು ಸಿಕ್ಕಿಹಾಕಿಕೊಂಡಿತ್ತು. ಆ ಜಾಗದಲ್ಲಿ ಉಂಗುರ ಎದ್ದು ನಿಂತು, ಅಕ್ಕಿ ಕಾಳಿನಷ್ಟು ಸಂದು ಮಾಡಿಕೊಟ್ಟಿತ್ತು, ಮೇಲಿನಿಂದ ಇಳಿದ ಮಳೆನೀರು ವೈರನ್ನೇ ಹಗ್ಗದಂತೆ ಹಿಡಿದುಕೊಂಡು ಒಳಗಿಳಿದಿತ್ತು. ಬಂದ ನೀರಾದರೂ ಆವಿಯಾಗಿ ಹೋಗೋಣವೆಂದರೆ ಕೆಳಗಿನ ರಬ್ಬರ್ ಕೊಳವೆಯ ಬಾಯಿಗೆ ಕೆಸರು ಮೆತ್ತಿಕೊಂಡಿತ್ತು.

ಆಮೇಲಿನ ಕೆಲಸದಲ್ಲಿ ಹರಟೆಗೆ ಹೆಚ್ಚು ಅವಕಾಶವಿರಲಿಲ್ಲ. ಬ್ಯಾಟರಿಯ ತಂತಿ ಕಳಚಿ, ಬಂಪರಿನ ಅಂಚನ್ನು ಸಡಿಲಿಸಿ, ಹೆಡ್‌ಲೈಟನ್ನು ಹೊರತೆಗೆದು, ಬಲ್ಬುಗಳನ್ನು ಬಿಚ್ಚಿ, ನೀರನ್ನೂ ಸೊಳ್ಳೆಯನ್ನೂ ಬಗ್ಗಿಸಿ ಹೊರಗೆ ಚೆಲ್ಲಿದೆವು. ಉಪಾಯಗಾರನು ಹೀಟ್ ಗನ್ ತರುತ್ತೇನೆಂದಾಗ ಮೂವರೂ ಒಟ್ಟಿಗೆ ಬೇಡವೆಂದೆವು, ಏಕೆಂದರೆ ಪ್ಲಾಸ್ಟಿಕ್ಕು ಸೊಟ್ಟಗಾದರೆ ಬೆಳಕೂ ಸೊಟ್ಟಗಾಗುತ್ತದೆ. ಹೇರ್ ಡ್ರೈಯರಿನ ಉಗುರುಬೆಚ್ಚನೆಯ ಗಾಳಿಯನ್ನು ಬಲ್ಬಿನ ರಂಧ್ರದಿಂದ ಬಿಟ್ಟು, ಉಳಿದದ್ದನ್ನು ಒಣಹವೆಯಲ್ಲಿ ತೆರೆದಿಟ್ಟೆವು. ಅಂಚಿನ ಅಂಟು ಬಿಟ್ಟಿದೆಯೇ ಎಂದು ನೋಡಲು ಮೇಷ್ಟ್ರು ಎಲ್ಲ ರಂಧ್ರಗಳನ್ನೂ ಮುಚ್ಚಿಸಿ, ಸುತ್ತಲೂ ಸೋಪಿನ ನೀರು ಹಚ್ಚಿಸಿ, ಒಂದು ಕೊಳವೆಯಿಂದ ಮೆಲ್ಲಗೆ ಊದಿದರು. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ವಿದ್ಯೆಯೇ ಇದು. ಗುಳ್ಳೆ ಏಳಲಿಲ್ಲ. ಎದ್ದಿದ್ದರೆ ಹಳೆಯ ಅಂಟನ್ನು ಹದವಾಗಿ ಬಿಸಿ ಮಾಡಿ, ಮುಂಭಾಗವನ್ನು ಬಿಡಿಸಿ, ಹೊಸ ಬ್ಯುಟೈಲ್ ರಬ್ಬರಿನ ಅಂಟುಪಟ್ಟಿಯಿಟ್ಟು ಕೂರಿಸುವ ದೊಡ್ಡ ಕೆಲಸ ಕಾದಿರುತ್ತಿತ್ತು. ನಾವು ಮಾಡಿದ್ದು ಕೊಳವೆಯ ಕೆಸರನ್ನು ತೆಗೆದದ್ದು, ವೈರನ್ನು ಒಳಗೆ ಸರಿಸಿದ್ದು, ಉಂಗುರವನ್ನು ಒರೆಸಿ ಕ್ಯಾಪನ್ನು ನೇರವಾಗಿ ತಿರುಗಿಸಿದ್ದು, ಇಷ್ಟೇ. ಹೊಸ ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಬಾರದೆಂದು ಮೇಷ್ಟ್ರು ನನಗೆ ಎರಡು ಸಲ ಹೇಳಿದರು. ಒಂದು ಸಲ ಸಾಕಾಗಿತ್ತು.

ಎಂಟು ದಿನದ ನಂತರ ಜೋರು ಮಳೆಯಾಯಿತು. ಬೆಳಿಗ್ಗೆ ನೋಡಿದರೆ ಹೆಡ್‌ಲೈಟಿನ ಮೇಲ್ಮೂಲೆಯಲ್ಲಿ ಅಂಗೈ ಅಗಲದ ತೆಳುವಾದ ಮಂಜು. ನಾನು ಗಾಬರಿಯಿಂದ ಮೇಷ್ಟ್ರಿಗೆ ಫೋನ್ ಮಾಡಿದೆ. “ಎಡಗಡೆಯದರಲ್ಲಿ?” ಎಂದು ಅವರು ಕೇಳಿದರು. ಅಲ್ಲಿಯೂ ಅಷ್ಟೇ ಅಗಲಕ್ಕೆ ಅಷ್ಟೇ ತೆಳುವಾಗಿ ಕುಳಿತಿತ್ತು. “ಎರಡೂವರೆ ಹನಿ. ದೀಪ ಹಚ್ಚಿ ಒಂದು ಸುತ್ತು ಹೋಗಿ ಬಾ” ಎಂದು ಫೋನ್ ಇಟ್ಟರು. ಸುತ್ತು ಮುಗಿಸಿ ಬರುವಷ್ಟರಲ್ಲಿ ಎರಡೂ ಮಾಯವಾಗಿದ್ದವು.

ಆದರೆ ಸುದ್ದಿ ಅಷ್ಟರೊಳಗೆ ಉಪಾಯಗಾರನಿಗೂ ಮುಟ್ಟಿತ್ತು. ಅವನು ನನ್ನ ಗೇಟಿನ ಬಳಿ ಕಾಯುತ್ತಿದ್ದನು. ಎರಡೂ ದೀಪಗಳೊಳಗೆ ಬಹಳ ಹೊತ್ತು ಇಣುಕಿ ನೋಡಿ, ನಿರಾಸೆಯಿಂದ ಏನನ್ನೋ ಜೇಬಿಗೆ ಹಾಕಿಕೊಂಡು ಹೊರಟುಹೋದನು. ಅವನು ತಿರುವು ದಾಟಿದ ಮೇಲೂ ಕಾರಿನ ಸುತ್ತ ವಿನೆಗರಿನ ವಾಸನೆ ಉಳಿದಿತ್ತು. ನಾನು ಟಾರ್ಚ್ ತಂದು, ನೆಲದ ಮೇಲೆ ಮಲಗಿ, ರಬ್ಬರ್ ಕೊಳವೆಯ ಬಾಯಿ ತೆರೆದೇ ಇದೆಯೇ ಎಂದು ನೋಡಿದೆ.