ಸಹಾಯ ಬೇಕು: ಸಾಸ್ ಕರಕಲಾಗುತ್ತಿದೆ, ಕೋಳಿ ಬೇಯುತ್ತಿಲ್ಲ
ಎಲ್ಲರಿಗೂ ಬಾಗಲಕೋಟೆಯಿಂದ ನಮಸ್ಕಾರ. ಟೊಮೆಟೊ, ಮಹಾಲಿಂಗಪುರದ ಬೆಲ್ಲ, ವಿನೆಗರ್, ಬ್ಯಾಡಗಿ ಮೆಣಸಿನಕಾಯಿ ಪುಡಿ, ಬೆಳ್ಳುಳ್ಳಿ ಹಾಕಿ ಮನೆಯಲ್ಲೇ ಕುದಿಸಿದ ಬಾರ್ಬೆಕ್ಯೂ ಸಾಸ್ ರುಚಿಯಲ್ಲಿ ಅಂಗಡಿಯದನ್ನು ಮೀರಿಸುತ್ತದೆ. ಆದರೆ ಅದನ್ನು ಸವರಿದ ಕೋಳಿಯ ತೊಡೆ ಇದ್ದಿಲ ಕೆಂಡದ ಮೇಲೆ ಹೊರಗೆಲ್ಲ ಕಪ್ಪಾಗುತ್ತದೆ, ಮೂಳೆಯ ಬಳಿ ಮಾತ್ರ ಹಸಿ.

ಬೆಲ್ಲ ಕಡಿಮೆ ಮಾಡಿದರೆ ಆ ಹೊಳಪೇ ಬರುವುದಿಲ್ಲ. ಕೆಂಡವನ್ನು ಒಂದು ಬದಿಗೆ ಸರಿಸಿ, ಮಾಂಸವನ್ನು ಇನ್ನೊಂದು ಬದಿಗಿಟ್ಟು ಮುಚ್ಚಿದೆ. ಒಳಗೆ ಚೆನ್ನಾಗಿ ಬೆಂದಿತು, ಸಾಸ್ ಮಾತ್ರ ನೀರಾಗಿ ಜಾರಿಹೋಯಿತು.

ಒಳಗಿನ ಉಷ್ಣಾಂಶ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕೆಂದು ಗೊತ್ತಿದೆ, ಥರ್ಮಾಮೀಟರ್ ಕೂಡ ಇದೆ. ಭಾನುವಾರ ಅಕ್ಕನ ಮಕ್ಕಳು ಆಸೆಯಿಂದ ಬರುತ್ತಿದ್ದಾರೆ. ಅನುಭವ ಇರುವವರು ತಿಳಿಸಿ: ಸಾಸ್ ಸವರಬೇಕಾದದ್ದು 74 ಮುಟ್ಟಿದ ಮೇಲೆಯೋ, ಮೊದಲೋ? ಸವರಿದ ನಂತರ ಕೆಂಡದ ನೇರಕ್ಕೆ ಎಷ್ಟು ನಿಮಿಷ ಇಡಬೇಕು?